ಹತ್ತು ಸಾವಿರದ ಎಂಟು

೧೯೮೯ರ ಒಂದು ಶನಿವಾರ ಬೆಳಿಗ್ಗೆ ನೆರೆಮನೆಯ ನೀಲಾವತಿ ಅಳುತ್ತಾ ಮುಂಬಯಿಯ ವಿಲೆ ಪಾರ್ಲೆಯ ನಮ್ಮ ಮನೆಗೆ ಬಂದಳು. ಇಂದ್ರಾಬಾಯಿ ಟೀಚರ್ ಗಣಿತ ಕಲಿಸಿ ನಿವೃತ್ತರಾದವರು. ನಾನು ಸೇವಂತಿ, ಅವರ ಅಡುಗೆಯವಳು.

"ಪ್ರವೇಶ ಪರೀಕ್ಷೆಯ ಪ್ರಶ್ನೆಪತ್ರಿಕೆ ಹೊರಗೆ ಹೋಗಿದೆ ಟೀಚರ್. ನಮ್ಮ ಯಜಮಾನ್ರೇ ಕದ್ದದ್ದು ಅಂತ ಹೇಳ್ತಾರೆ. ಸಂಜೆಯೊಳಗೆ ಕೆಲಸದಿಂದ ತೆಗೀತಾರಂತೆ."

ಅವಳ ಗಂಡ ಶೇಖರ ಸಾಂತಾಕ್ರೂಜಿನ ಒಂದು ಕಾಲೇಜಿನಲ್ಲಿ ಗುಮಾಸ್ತ. ನಾವು ಲೋಕಲ್ ರೈಲು ಹಿಡಿದು ಹೋದೆವು.

ಪ್ರಾಂಶುಪಾಲ ಬಸವಂತರಾಯರು ನೋಟೀಸ್ ಬೋರ್ಡಿನ ಮೇಲಿದ್ದ 10,01,60,063 ಎಂಬ ಸಂಖ್ಯೆ ತೋರಿಸಿದರು. "ಪತ್ರಿಕೆ ಕಂಪ್ಯೂಟರಿನಾಗ ಗುಪ್ತಲಿಪಿಯೊಳಗ ಐತ್ರಿ. ಈ ಸಂಖ್ಯೆಯಿಂದ ಯಾರು ಬೇಕಾದ್ರೂ ಅದಕ್ಕ ಬೀಗ ಹಾಕಬಹುದು. ತೆಗೀಬೇಕಂದ್ರ, ಯಾವ ಎರಡು ಸಂಖ್ಯೆ ಗುಣಿಸಿ ಇದು ಬಂತು ಅಂತ ಗೊತ್ತಿರಬೇಕು. ಆ ಚೀಟಿ ಕಪಾಟಿನಾಗ, ಕೀಲಿ ಶೇಖರನ ಕಡೆ."

"ಗುಣಿಸೋದು ಸಲೀಸು, ಒಡೆಯೋದು ಕಷ್ಟ," ಎಂದು ಟೀಚರ್ ನನಗೆ ವಿವರಿಸಿದರು. "ಕೈಲೆ ಒಂದೊಂದರಿಂದನ ಭಾಗಿಸ್ತಾ ಕೂತ್ರ ವಾರಗಟ್ಟಲೆ ಬೇಕು."

ಕಂಪ್ಯೂಟರ್ ಕೋಣೆಗೇ ಚಹಾ, ವಡೆ ಬಂದವು; ಶೇಖರನೂ ಅಲ್ಲೇ ಇದ್ದ. ಗಣಿತದ ಉಪನ್ಯಾಸಕ ರಮಾನಾಥರು ವಡೆ ಮುಟ್ಟಲಿಲ್ಲ. "ಶನಿವಾರ ನನ್ನದು ಉಪವಾಸ," ಎಂದರು. ಉಳಿದ ಯಾರಿಗೂ ಆ ವ್ರತವಿರಲಿಲ್ಲ.

ಎಲ್ಲಿ ಹೋದರೂ ನೆಲದ ಕಸ ಹೆಕ್ಕುವ ನನ್ನ ಚಾಳಿಯನ್ನು ಟೀಚರ್ ಗೇಲಿ ಮಾಡುತ್ತಿದ್ದರು. ಅಂದು ಕಂಪ್ಯೂಟರ್ ಮೇಜಿನ ಕಾಲಿನ ಹಿಂದೆ ಮುದುಡಿದ ಹೋಟೆಲ್ ಬಿಲ್ ಸಿಕ್ಕಿತು. ಕಳೆದ ಶನಿವಾರದ ತಾರೀಕು, ಸಬ್ಬಕ್ಕಿಯ ಸಾಬೂದಾಣಾ ಖಿಚಡಿ, ಚಹಾ. ಹಿಂಬದಿಗೆ ಪೆನ್ಸಿಲಿನಲ್ಲಿ 10008. ಓದಿ ಟೀಚರ್ ಕೈಗೆ ಕೊಟ್ಟೆ.

ಅವರು ಕಪಾಟಿನ ಚೀಟಿ ತರಿಸಿದರು. ಅದರಲ್ಲಿ 10007, 10009 ಎಂದಿತ್ತು.

"ಇವನ್ನ ಹೆಂಗ ಆರಿಸಿದ್ರಿ ಸರ?"

"ನನಗ ಅವಳಿ ಹೆಣ್ಮಕ್ಕಳ್ರಿ," ಬಸವಂತರಾಯರು ಸಂಕೋಚದಿಂದ ನಕ್ಕರು. "ಸಂಖ್ಯೇನೂ ಅವಳಿ ಇರ್ಲಿ ಅಂತ ಒಂದಕ್ಕೊಂದು ಎರಡೇ ಅಂತರ ಇರೋವನ್ನ ತಗೊಂಡೆ."

ಟೀಚರ್ ಎಲ್ಲರನ್ನೂ ಕೂರಿಸಿದರು. "ಕಪಾಟು ತೆರೆದವಗ ಎರಡೂ ಸಂಖ್ಯೆ ಸಿಕ್ಕೇಬಿಡ್ತಾವ. ಅವಗ 10008 ಯಾಕ ಬೇಕು? ಬೋರ್ಡಿನ ಸಂಖ್ಯೆಗೆ ಒಂದು ಕೂಡಿಸ್ರಿ, 10008ರ ವರ್ಗ ಆಗ್ತದ. 10008ರ ಹಿಂದ ಒಂದು, ಮುಂದ ಒಂದು, ಇವೇ ಆ ಅವಳಿ. ಅಂದ್ರ ಕಳ್ಳ ಕಪಾಟು ಮುಟ್ಟಿಲ್ಲ. ಬೋರ್ಡು ನೋಡಿ ವರ್ಗಮೂಲ ತೆಗೆದಾನ. ಗಣಿತ ಬಲ್ಲವ, ಶನಿವಾರ ಉಪವಾಸದ ಖಿಚಡಿ ತಿನ್ನುವವ." ಅವರು ರಮಾನಾಥರತ್ತ ತಿರುಗಿದರು. "ಹೌದಲ್ರಿ?"

ರಮಾನಾಥರು ತಲೆ ತಗ್ಗಿಸಿದರು. "ಅಣ್ಣನ ಮಗಳಿಗೆ ಸೀಟು ಬೇಕಾಗಿತ್ತು."

ಬಸವಂತರಾಯರು ಎದ್ದು ಬಂದು ಶೇಖರನ ಕೈ ಹಿಡಿದುಕೊಂಡು ಕ್ಷಮೆ ಕೇಳಿದರು. ನೀಲಾವತಿ ಟೀಚರ್ ಕಾಲಿಗೆ ಬೀಳಲು ಬಗ್ಗಿದಾಗ ಅವರು ತಡೆದರು. "ಬಿಲ್ ಹುಡುಕಿದಾಕಿ ಸೇವಂತಿ. ಆಕಿಗೆ ಹೇಳ್ರಿ."

ನೀಲಾವತಿ ನನ್ನನ್ನು ತಬ್ಬಿಕೊಂಡಳು. ಮುಂಬಯಿಗೆ ಬಂದಾಗ ನನಗೆ ಬಸ್ಸಿನ ನಂಬರೂ ತಿಳಿಯುತ್ತಿರಲಿಲ್ಲ. ಒಲೆಯ ಪಕ್ಕದಲ್ಲಿ ಕೂರಿಸಿಕೊಂಡು, ತೊಗರಿಬೇಳೆ ಎಣಿಸಿ ಅಂಕಿ ಕಲಿಸಿದವರು ಟೀಚರ್.

ವಾಪಸಾಗುವಾಗ ಲೋಕಲ್‌ನಲ್ಲಿ ಹೇಳಿದೆ. "ನೀವು ಕಲಿಸದೆ ಇದ್ದಿದ್ರೆ ಟೀಚರ್, ಆ ಬಿಲ್ ನಾನು ಕಸಕ್ಕೆ ಹಾಕಿ ಬಿಡ್ತಿದ್ದೆ."