ನಲ್ಲಿ ಅಂಗಡಿಯ ಮುಂದೆ

ಏರು ರಸ್ತೆಯಲ್ಲಿ ನೀವು ಯಾಕೆ ಮಾತಾಡುವುದಿಲ್ಲ ಎಂದು ಅವನು ಕೇಳಿಬಿಟ್ಟರೆ ಏನು ಹೇಳಲಿ? ಸಂಜೆ ಪ್ರೆಸ್ಸಿನ ಬಾಗಿಲು ದಾಟುವಾಗಲೆಲ್ಲ ನನಗೆ ಇದೇ ಚಿಂತೆ.

ನಾನು ಅಲ್ಲಿ ಕರಡು ತಿದ್ದುತ್ತೇನೆ. ಅವನು ಅಚ್ಚಿನ ಯಂತ್ರ ನಡೆಸುತ್ತಾನೆ. ಯಂತ್ರದ ಸದ್ದು ಮೀರಿ ಮಾತಾಡಿ ಅಭ್ಯಾಸವಾಗಿ, ಹೊರಗೂ ಅವನ ಬಾಯಿಗೆ ಬಿಡುವಿಲ್ಲ. ಎಲ್ಲರೂ ಅವನನ್ನು ರೇಡಿಯೋ ಎನ್ನುತ್ತಾರೆ. ಬಸ್ ನಿಲ್ದಾಣ ಏರಿನ ತುದಿಯಲ್ಲಿದೆ. ಅಲ್ಲಿಯವರೆಗೆ ನಾವಿಬ್ಬರೂ ಜೊತೆ.

ಕೀಲುನೋವಿಗೆ ಕೊಟ್ಟ ಮಾತ್ರೆಗಳು ನನ್ನ ಬೆರಳುಗಳು ಮತ್ತೆ ಪೆನ್ನು ಹಿಡಿಯುವಂತೆ ಮಾಡಿ, ಸದ್ದಿಲ್ಲದೆ ಶ್ವಾಸಕೋಶವನ್ನು ಕೆಡಿಸಿದವು. "ಮಾತ್ರೆ ನಿಲ್ಲಿಸಿದ್ದೀವಿ. ಎಷ್ಟು ಸರಿಹೋಗುತ್ತೋ ಕಾದು ನೋಡೋಣ," ಅಂದರು ಡಾಕ್ಟರು.

"ಯಾರ ಹತ್ರಾನೂ ಬಾಯಿ ಬಿಡ್ಬೇಡ ಕಣೇ," ಅಂದಳು ಅಮ್ಮ.

ಬಾಯಿ ಬಿಡದೆ ಏರು ಹತ್ತುವುದು ಹೇಗಮ್ಮ ಎಂದು ಕೇಳಬೇಕೆನಿಸಿತು. 

ಅದಕ್ಕೇ ದಾರಿ ನಡುವಿನ ನಲ್ಲಿ ಅಂಗಡಿಯ ಗಾಜಿನೆದುರು ದಿನವೂ ನಿಲ್ಲುತ್ತೇನೆ. ಪೈಪುಗಳು, ಷವರುಗಳು, ಹೊಳೆಯುವ ನಲ್ಲಿಗಳ ಸಾಲು. ಉಸಿರು ಹದಕ್ಕೆ ಬರುವ ತನಕ ಅವನ್ನು ನೋಡುವವಳಂತೆ ನಿಂತಿರುತ್ತೇನೆ. ಗಾಜಿನಲ್ಲಿ ಅವನ ಮುಖವೂ ಮೂಡುತ್ತದೆ, ಹುಬ್ಬಿನ ಮೇಲೆ ಒಂಚೂರು ಮಸಿ.

"ಇವತ್ತು ಯಾವುದ್ರ ಮೇಲೆ ಮನಸ್ಸಾಯ್ತು ಮೇಡಂ?"

ಯಾವುದೋ ಒಂದು ನಲ್ಲಿಯತ್ತ ಬೆರಳು ತೋರಿಸುತ್ತೇನೆ.

ಇವತ್ತು ಅದೇ ಜಾಗದಲ್ಲಿ ಅವನು ಚೀಲದಿಂದ ಒಂದು ಪೊಟ್ಟಣ ತೆಗೆದು ನನ್ನ ಕೈಗಿಟ್ಟ. ಬಿಚ್ಚಿದರೆ ಹಿತ್ತಾಳೆಯ ನಲ್ಲಿ!

"ನಿನ್ನೆ ನೀವು ತೋರಿಸಿದ್ದೇ. ಹುಡುಗೀರಿಗೆ ಹೂವು ಕೊಡ್ತಾರೆ, ಗೊತ್ತು. ಆದ್ರೆ ನೀವು ಹೂವಿನಂಗಡಿ ಕಡೆ ತಿರುಗಿ ನೋಡಿದ್ದನ್ನೇ ನಾನು ಕಾಣೆ."

ನಗು ಬಂತು; ಅದರ ಬೆನ್ನಿಗೇ ಕೆಮ್ಮು. ಮುಖ ತಿರುಗಿಸಿ ಕರ್ಚೀಫು ಒತ್ತಿಕೊಂಡೆ.

ನಾನು ಮುಖ ತಿರುಗಿಸಿದ್ದು ಕಂಡು ಅವನ ಮುಖ ಸಪ್ಪಗಾಯಿತು. "ಸರಿ ಬಿಡಿ. ನಾಳೆಯಿಂದ ಕೆಳಗಿನ ರಸ್ತೇಲಿ ಹೋಗ್ತೀನಿ. ಆಫೀಸಲ್ಲಿ ಎಲ್ಲರ ಹತ್ರ ಮಾತಾಡ್ತೀರಿ, ನನ್ ಜೊತೆ ಹೊರಟ್ರೆ ಬಾಯಿಗೆ ಬೀಗ. ನನ್ ಮಾತು ತಲೆನೋವು ಅಂತ ನಾನೇ ತಿಳ್ಕೋಬೇಕಿತ್ತು."

ಹೊರಟೇಬಿಟ್ಟ. ಅವನದು ಚುರುಕು ನಡಿಗೆ. ಓಡಿ ಹಿಡಿಯುವುದು ನನ್ನಿಂದಾಗದ ಕೆಲಸ. ಕಾಲಿಗಿಂತ ಹೆಚ್ಚು ದಣಿದಿದ್ದದ್ದು ಮುಚ್ಚಿಟ್ಟು ಮುಚ್ಚಿಟ್ಟು ಸೋತ ಮನಸ್ಸು. ಇದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕೂಗಿದೆ.

"ರೇಡಿಯೋ!"

ಗಾಜಿಗೊರಗಿ ಏದುಸಿರು ಬಿಡುತ್ತಿದ್ದ ನನ್ನನ್ನು ನೋಡಿ ಓಡಿಬಂದ. "ಅಯ್ಯೋ, ಏನಾಯ್ತ್ರೀ?"

"ಮಾತ್ರೆ... ಶ್ವಾಸಕೋಶ ಕೆಡಿಸಿದೆ. ಏರು ಹತ್ತುವಾಗ... ಮಾತಿಗೆ ಉಸಿರು ಸಾಲಲ್ಲ. ಅದಕ್ಕೇ ಇಲ್ಲಿ ನಿಲ್ತೀನಿ."

ಅವನು ಅಂಗಡಿಯತ್ತ ನೋಡಿದ, ನನ್ನ ಕೈಯಲ್ಲಿದ್ದ ನಲ್ಲಿಯತ್ತ ನೋಡಿದ. ಚೀಲ ಕೆಳಗಿಟ್ಟು ನನ್ನ ಪಕ್ಕದಲ್ಲೇ ಗಾಜಿಗೊರಗಿ ನಿಂತ.

ಇನ್ನೊಂದು ಉಸಿರಿಗೆ ಕಾದೆ. ಬಂತು.

"ನಲ್ಲಿ ಅಲ್ಲ," ಎಂದೆ. "ಗಾಜಲ್ಲಿ ನಿಮ್ಮನ್ನ ನೋಡ್ತಿದ್ದೆ."