ನಲವತ್ತೊಂದನೇ ಸಾಲು

ಏಳನೇ ಹಾಸಿಗೆಯ ಬಡಗಿ ಬೆಳಿಗ್ಗೆ ಹನ್ನೊಂದಕ್ಕೆ ಸತ್ತ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಂತಿತ್ತು. ಹನ್ನೆರಡರ ಹೊತ್ತಿಗೆ ಇಡೀ ಆಸ್ಪತ್ರೆ ವಾರ್ಡಿನ ನರ್ಸಿನ ಮೇಲೆ ಮುಗಿಬಿದ್ದಿತ್ತು.

ಪೊಟ್ಯಾಸಿಯಂ ಹೆಚ್ಚಿದ್ದವರು ಮೇಲೆ ಬರುವಂತೆ ಕಂಪ್ಯೂಟರು ದಿನವೂ ರೋಗಿಗಳ ಪಟ್ಟಿ ಜೋಡಿಸುತ್ತಿತ್ತು. ಅದರ ಮೊದಲ ಇಪ್ಪತ್ತು ಸಾಲು ಮಾತ್ರ ಅಚ್ಚಾಗಿ ವಾರ್ಡಿಗೆ ಬರುತ್ತಿತ್ತು. ಬಡಗಿಯ ಹೆಸರು ಕಟ್ಟಕಡೆಗೆ, ನಲವತ್ತೊಂದನೇ ಸಾಲಿನಲ್ಲಿತ್ತು. ಅಂಕಿ ಇರಬೇಕಾದ ಚೌಕ ಖಾಲಿಯಾಗಿತ್ತು.

"ತಪ್ಪು ಮುಚ್ಚೋಕೆ ಈ ಸಿಸ್ಟರೇ ಅಂಕಿ ಅಳಿಸಿದ್ದಾರೆ. ನನ್ನ ಪ್ರೋಗ್ರಾಮು ಮೂರು ತಿಂಗಳಿಂದ ಒಂದು ಸಲಾನೂ ಕೆಟ್ಟಿಲ್ಲ," ಎಂದು ಪ್ರೋಗ್ರಾಮರ್ ಕೂಗಾಡಿದ.

ನರ್ಸನ್ನು ಕೆಲಸದಿಂದ ತೆಗೆಯಬೇಕೆಂಬ ದೂರಿಗೆ ಐವರು ಸಹಿ ಹಾಕಿದರು. ಎರಡನೆಯ ಸಹಿ ಕಾಂಪೌಂಡರನದು. ರೋಗಿಗಳೆದುರು ಅವಳು ಒಮ್ಮೆ ಅವನ ಮಾನ ಕಳೆದಿದ್ದಳು, ಅದನ್ನು ಅವನು ಮರೆತಿರಲಿಲ್ಲ. ಸಹಿ ಹಾಕುವಾಗ ಅವನಿಗೆ ಹಿತವೆನಿಸಿತು.

ದಾಖಲೆ ಕೋಣೆಯ ಕನ್ನಡಕದಮ್ಮ ಮಾತ್ರ ಸಹಿ ಹಾಕಲಿಲ್ಲ. ಆಸ್ಪತ್ರೆಯಲ್ಲಿ ಏನೇ ಕಳೆದರೂ ಹುಡುಕಿಕೊಡುವವರು ಅವರೇ, ಕಾಂಪೌಂಡರ್ ಅವರ ಬಲಗೈ.

"ಬಾರಯ್ಯ, ಸಹಿ ಹಾಕಿದ ಕೈಗೆ ಸ್ವಲ್ಪ ಕೆಲಸ ಕೊಡ್ತೀನಿ," ಎಂದರು.

ಮೊದಲು ಲ್ಯಾಬಿನ ಪುಸ್ತಕ ತೆರೆಸಿದರು. ಬಡಗಿಯ ಹೆಸರಿನ ಮುಂದೆ 'ರಕ್ತದ ಮಾದರಿ ಕೆಟ್ಟಿದೆ, ತಕ್ಷಣ ಮತ್ತೆ ತೆಗೆಯಿರಿ' ಎಂದಿತ್ತು. ಆಮೇಲೆ ಹಳೆಯ ದೂರಿನ ಚೀಟಿಗಳನ್ನು ಎಣಿಸಿದರು. 'ಪಟ್ಟಿ ತೆರೆಯುತ್ತಿಲ್ಲ' ಎಂಬ ಚೀಟಿ ವಾರಕ್ಕೆ ಮೂರು ನಾಲ್ಕು ಬರುತ್ತಿದ್ದವು, ಮೂರು ತಿಂಗಳ ಹಿಂದೆ ಒಮ್ಮೆಲೇ ನಿಂತಿದ್ದವು. ಕೊನೆಗೆ, ಹೊಸಬರ ತರಬೇತಿಗೆ ಇಟ್ಟಿದ್ದ ಸುಳ್ಳು ಪಟ್ಟಿಯಲ್ಲಿ ಒಬ್ಬನ ಚೌಕ ಖಾಲಿ ಬಿಟ್ಟು, ಇನ್ನೊಬ್ಬನಿಗೆ ಮೈನಸ್ ಒಂದು ಎಂದು ಹೊಡೆಯಲು ಹೇಳಿದರು.

"ಮೈನಸ್ಸು ಯಾರಿಗಮ್ಮ ಇರತ್ತೆ?"

"ಯಾರಿಗೂ ಇರಲ್ಲ. ಸುಮ್ನೆ ಹೊಡಿ."

ಪಟ್ಟಿ ಮತ್ತೆ ಜೋಡಿಸಿಕೊಂಡಿತು. ಕನ್ನಡಕದಮ್ಮ ಕೊನೆಯ ಎರಡು ಸಾಲು ನೋಡಿ ಎದ್ದರು.

ಮೂರು ಗಂಟೆಗೆ ದೊಡ್ಡ ಡಾಕ್ಟರ ಕೋಣೆಯಲ್ಲಿ ಎಲ್ಲರೂ ಸೇರಿದರು. ನರ್ಸು ಬಾಗಿಲ ಬಳಿ ನಿಂತಿದ್ದಳು. ಯಾರೂ ಕೂರಲು ಹೇಳಲಿಲ್ಲ.

"ಲ್ಯಾಬಿನವರು ಅಂಕಿ ಕಳಿಸೇ ಇಲ್ಲ. ಇಲ್ಲದ್ದನ್ನ ಯಾರು ಅಳಿಸ್ತಾರೆ?" ಎಂದು ಕನ್ನಡಕದಮ್ಮ ಶುರುಮಾಡಿದರು. "ತರಬೇತಿ ಪಟ್ಟೀಲಿ ನಾವು ಹೊಡೆದ ಮೈನಸ್ ಒಂದು ಖಾಲಿ ಚೌಕಕ್ಕಿಂತ ಕೆಳಗೆ ಹೋಯ್ತು. ಅಂದ್ರೆ ಕಂಪ್ಯೂಟರಿಗೆ ಖಾಲಿ ಅಂದ್ರೆ ಸೊನ್ನೆ. ಗೊತ್ತಿಲ್ಲ ಅನ್ನೋದನ್ನ ಏನೂ ಇಲ್ಲ ಅಂತ ಓದಿದೆ. ಅದಕ್ಕೇ ಮೊದಲು ನೋಡಬೇಕಾದವನು ಕೊನೆಗೆ ಹೋದ, ಇವಳ ಕೈಗೆ ಬಂದ ಇಪ್ಪತ್ತು ಸಾಲಲ್ಲಿ ಇರಲೇ ಇಲ್ಲ. ಮೂರು ತಿಂಗಳ ಹಿಂದೆ ಚೀಟಿ ನಿಂತಿದ್ದು ಯಾಕಪ್ಪ?"

ಪ್ರೋಗ್ರಾಮರ್ ಬೆವರಿದ. "ಖಾಲಿ ಚೌಕನ ಸಂಖ್ಯೆ ಮಾಡೋಕೆ ಹೋದ್ರೆ ಪ್ರೋಗ್ರಾಮು ತಪ್ಪು ಅಂತ ನಿಂತುಬಿಡ್ತಿತ್ತು, ಪಟ್ಟೀನೇ ತೆರೀತಿರಲಿಲ್ಲ. ದಿನಾ ಬೈಸ್ಕೊಂಡು ಸಾಕಾಗಿತ್ತು. ತಪ್ಪು ಬಂದ್ರೆ ಸೊನ್ನೆ ಅಂತ ತಗೋ ಅಂತ ಬರೆದುಬಿಟ್ಟೆ."

"ಬೆಳಿಗ್ಗೆ ಪಟ್ಟಿ ನೋಡಿದ ಕೂಡಲೇ ನಿಂಗೆ ಗೊತ್ತಾಯ್ತು. ಆದ್ರೂ ಇವಳ ಕಡೆ ಬೆರಳು ತೋರಿಸಿದೆ."

ಕನ್ನಡಕದಮ್ಮ ಮೇಜು ಕುಟ್ಟಿದರು. "ಇವತ್ತೇ ಸರಿ ಮಾಡು. ಅಂಕಿಗಳನ್ನ ಏರಿಸಿ ಜೋಡಿಸು, ಇಳಿಸಿ ಜೋಡಿಸು, ಖಾಲಿ ಚೌಕಗಳು ಮಾತ್ರ ಯಾವಾಗ್ಲೂ ಮೇಲೇ ಇರಬೇಕು."

ದೊಡ್ಡ ಡಾಕ್ಟರು ಮುಖ ಚಿಕ್ಕದು ಮಾಡಿಕೊಂಡು ದೂರಿನ ಹಾಳೆಯನ್ನು ಹರಿಯಲು ಹೋದರು.

"ಹರೀಬೇಡಿ, ಕೊಡಿ ಇಲ್ಲಿ," ಎಂದಳು ನರ್ಸು. ಸಹಿಗಳನ್ನು ಒಂದೊಂದಾಗಿ ಓದಿ, ಎರಡನೆಯದರ ಬಳಿ ನಿಂತು, ತಲೆಯೆತ್ತಿದಳು. ಕಾಂಪೌಂಡರ್ ನಾಚಿಕೆಯಿಂದ ಒಂದು ಹೆಜ್ಜೆ ಮುಂದೆ ಬಂದ.

"ಸಿಸ್ಟರ್, ನಾನು..."

"ಪಟ್ಟಿ ಸುಳ್ಳು ಹೇಳಿದ್ದು ಗೊತ್ತಿಲ್ದೆ. ನೀವು?"

ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಅವಳು ವಾರ್ಡಿಗೆ ಹೋದಳು. ಉಳಿದ ಖಾಲಿ ಚೌಕದವರ ರಕ್ತ ತೆಗೆಯುವುದಿತ್ತು.