ಮೂವತ್ತೊಂದು ಏರೋಪ್ಲೇನ್ ಚಿಟ್ಟೆಗಳು

“ನಿಲ್ಲಿ! ಇನ್ನೊಂದು ಹೆಜ್ಜೆ ಇಟ್ಟರೆ ಕಾಲು ಮುರಿದು ಕೈಗೆ ಕೊಡ್ತೀನಿ!”

ಎತ್ತಿದ ಬೂಟುಗಾಲು ಗಾಳಿಯಲ್ಲೇ ನಿಂತಿತು. ಕಾಲಿನ ಒಡೆಯ ತೊರೆಯ ದಡದಲ್ಲಿ ಒಂಟಿಕಾಲಲ್ಲಿ ಓಲಾಡುತ್ತಾ, ಹೆಗಲಿಗೆ ಖಾಲಿ ಬಾಟಲಿಗಳ ಪೆಟ್ಟಿಗೆ ನೇತುಹಾಕಿಕೊಂಡು, ಕೂಗಿದವರು ಯಾರೆಂದು ಹುಡುಕಿದ.

ಪೊದೆಯ ಹಿಂದಿನಿಂದ ಅವಳು ಎದ್ದು ಬಂದಳು. ಮಂಡಿಯವರೆಗೆ ಕೆಸರು, ಕೈಯಲ್ಲೊಂದು ದಪ್ಪ ನೋಟ್‌ಬುಕ್ಕು, ಮುಖದ ತುಂಬಾ ಸಿಟ್ಟು.

“ಕೆಳಗೆ ನೋಡಿ... ಕಪ್ಪೆ ಮೊಟ್ಟೆ!”

“ಎಲ್ಲಿ? ಈ ಸಾಬೂನು ನೊರೆ ತರ ಇರೋದಾ?”

“ಸಾಬೂನು ನೊರೆಯಂತೆ! ಕನ್ನಡಕ ಹಾಕಿರೋದು ಶೋಕಿಗಾ?”

ಉತ್ತರ ಕೊಡಲು ಬಾಯಿ ತೆರೆದವನು ಆಯ ತಪ್ಪಿ ಪಕ್ಕದ ನೀರಿಗೆ... ದಬಾರ್!

ಬಾಟಲಿಗಳು ಒಂದೊಂದಾಗಿ ತೇಲಿದವು. ಕನ್ನಡಕ ಮಾತ್ರ ತೇಲಲಿಲ್ಲ.

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಪ್ಪ ಹಾಸಿಗೆ ಹಿಡಿದ ಮೇಲೆ ಅವಳು ಹಾಗೆ ನಕ್ಕಿದ್ದು ಅದೇ ಮೊದಲು.

“ನಗಿ, ನಗಿ. ನನಗೇನೂ ಕಾಣಿಸ್ತಿಲ್ಲ, ಅದೇ ಪುಣ್ಯ,” ಎಂದ ಅವನು ಎದೆಮಟ್ಟದ ನೀರಲ್ಲಿ ನಿಂತು. “ನಾನು ನೀರು ಪರೀಕ್ಷೆ ಆಫೀಸಿನವನು. ಇಲ್ಲಿಂದ ನೀರು ತಗೊಂಡು ಹೋಗೋಕೆ ಬಂದೆ.”

“ತಗೊಂಡು ಹೋಗೋಕೆ ಬಂದವರು ನೀವೇ ಒಳಗೆ ಹೋಗ್ಬಿಟ್ರಲ್ಲ! ಬನ್ನಿ ಮೇಲೆ. ಕನ್ನಡಕದ ಅಂಗಡಿಯಲ್ಲೇ ನಾನು ಕೆಲಸ ಮಾಡೋದು. ಹೊಸದು ಮಾಡಿಸಿ ಕೊಡ್ತೀನಿ.”

ಅವನು ಅವಳ ಕೈಲಿದ್ದ ನೋಟ್‌ಬುಕ್ಕಿನ ಕಡೆ ಕಣ್ಣು ಕಿರಿದು ಮಾಡಿ ನೋಡಿದ. “ಅದೇನು?”

ಅವಳ ನಗು ಹಾಗೇ ನಿಂತುಹೋಯಿತು. ನೋಟ್‌ಬುಕ್ಕನ್ನು ಎದೆಗೆ ಅವುಚಿಕೊಂಡಳು.

“ಏನಿಲ್ಲ... ಅಪ್ಪಂದು.”

*

ಏನಿಲ್ಲವಂತೆ! ಅವಳ ಮನೆಯ ಇಪ್ಪತ್ತೆರಡು ವರ್ಷ ಅಂಥ ನೋಟ್‌ಬುಕ್ಕುಗಳಲ್ಲೇ ಇತ್ತು.

ಊರಾಚೆ ತೊರೆ ಬಂಡೆಗೆ ಬಡಿದು ತಿರುಗುವ ಕಡೆ ಆ ಮಡು. ಹೆಚ್ಚೆಂದರೆ ಎರಡು ಕೋಣೆಯಷ್ಟು ಅಗಲ. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಅವಳಪ್ಪ ಪ್ರತಿ ಶನಿವಾರ ಬೆಳಿಗ್ಗೆ ಅಲ್ಲಿ ಅರ್ಧ ಗಂಟೆ ಕೂತು ಎಣಿಸುತ್ತಿದ್ದರು. ಏರೋಪ್ಲೇನ್ ಚಿಟ್ಟೆ ಎಷ್ಟು, ಬಸವನಹುಳು ಎಷ್ಟು, ಕಪ್ಪೆ ಮೊಟ್ಟೆಯ ಗುಂಪು ಎಷ್ಟು, ಮಿಂಚುಳ್ಳಿ ಬಂತೋ ಇಲ್ಲವೋ. ಜ್ವರ ಬಂದರೂ ಹೋಗುತ್ತಿದ್ದರು, ಹೆಂಡತಿ ತೀರಿಕೊಂಡ ವಾರವೂ ಹೋಗಿದ್ದರು. ಆರು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಗುಬ್ಬಿ, ಕಂಡಷ್ಟೇ ಹೇಳು, ಇರಬಹುದು ಅನ್ನಿಸಿದ್ದು ಬೇಡ,” ಎಂದು ಕಲಿಸಿದ್ದರು.

ಆಮೇಲೆ ಅವರಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಎರಡೂ ಹೋದವು. ಎಣಿಸುವ ಕೆಲಸ ಗುಬ್ಬಿಯದಾಯಿತು.

ಮೊದಲ ಶನಿವಾರವೇ ಮಡು ಬದಲಾಗಿದ್ದು ಅವಳಿಗೆ ಕಂಡಿತು. ಮೇಲ್ಗಡೆ ಹೊಸದಾಗಿ ಶುರುವಾಗಿದ್ದ ಬಟ್ಟೆ ಒಗೆಯುವ ಕಾರ್ಖಾನೆಯ ನೀರು ತೊರೆಗೆ ಸೇರುತ್ತಿತ್ತು. ಮೂವತ್ತರ ಆಸುಪಾಸು ಇರುತ್ತಿದ್ದ ಏರೋಪ್ಲೇನ್ ಚಿಟ್ಟೆಗಳು ಒಂಬತ್ತೇ ಒಂಬತ್ತು. ಇದ್ದದ್ದನ್ನು ಇದ್ದ ಹಾಗೆ ಬರೆದು ಅಪ್ಪನಿಗೆ ಓದಿದಳು. ಅವರು ಅವತ್ತು ಊಟ ಮುಟ್ಟಲಿಲ್ಲ. ಗೋಡೆ ನೋಡುತ್ತಾ ಅತ್ತರು. ಸಂಜೆ ಬಿಪಿ ಏರಿ, ಡಾಕ್ಟರು ಓಡಿ ಬಂದು ಮಗಳನ್ನು ಹೊರಗೆ ಕರೆದು ಗದರಿದರು. “ಮನಸ್ಸಿಗೆ ನೋವಾಗೋ ಸುದ್ದಿ ಹೇಳ್ಬೇಡಮ್ಮ. ಇನ್ನೊಂದ್ಸಲ ಹೀಗಾದ್ರೆ ನನ್ನ ಕೈಲಿಲ್ಲ.”

ಮುಂದಿನ ಶನಿವಾರ ಕಂಡಿದ್ದು ಏಳು. ಅವಳು ಓದಿದ್ದು...

“ಮೂವತ್ತೊಂದು, ಅಪ್ಪಾ!”

ಅಪ್ಪ ಕಣ್ಣರಳಿಸಿದರು. “ನೋಡಿದ್ಯಾ! ಚೇತರಿಸ್ಕೊಳ್ತು. ಎಲ್ಲಿ, ತೋರ್ಸು.”

ಬಲಗೈ ಬೆರಳಿಟ್ಟು ಸಾಲುಸಾಲೂ ಓದುವ ಮೇಷ್ಟ್ರಿಗೆ ಬರೀ ಬಾಯಿಮಾತು ಸಾಲದು. ಹಾಗಾಗಿ ಸುಳ್ಳನ್ನು ಅವಳು ನೋಟ್‌ಬುಕ್ಕಿನಲ್ಲೂ ಬರೆಯಬೇಕಾಯಿತು. ಒಂದು ವಾರ, ಎರಡು ವಾರ... ಹತ್ತು ತಿಂಗಳು! ಇವನು ತುಳಿಯಹೊರಟ ಕಪ್ಪೆ ಮೊಟ್ಟೆ ಆ ವರ್ಷದ ಒಂದೇ ಒಂದು ಗುಂಪು. ಪುಸ್ತಕದಲ್ಲಿ ಅದು ಹದಿನೆಂಟಾಗಿತ್ತು.

*

ಮುಂದಿನ ಶನಿವಾರ ಅವನು ಮತ್ತೆ ಬಂದ. ಅದರ ಮುಂದಿನ ಶನಿವಾರವೂ ಬಂದ. ನೀರು ತಿಂಗಳಿಗೊಂದು ಸಲ ತೆಗೆದರೆ ಸಾಕು ಎನ್ನುವುದು ಅವಳಿಗೆ ತಿಳಿದದ್ದು ಬಹಳ ತಡವಾಗಿ.

“ನಿಮ್ಮ ಬಾಟ್ಲಿ ಸಾಹೇಬ್ರು ಇವತ್ತೂ ಬಂದಿದ್ರಾ?” ಎಂದು ಅತ್ತೆ ಚುಡಾಯಿಸುತ್ತಿದ್ದಳು. ಅಪ್ಪನ ಅಕ್ಕ ಆಕೆ. ಮನೆಯ ಅಡಿಗೆ, ತಮ್ಮನ ಔಷಧಿ, ತಮ್ಮನ ಮಗಳ ಮದುವೆ ಚಿಂತೆ ಮೂರನ್ನೂ ಒಟ್ಟಿಗೆ ಹೊತ್ತವಳು. “ಬಾಟ್ಲಿ ಸಹವಾಸ ಮಾಡಿದ ಗಂಡಸರನ್ನ ನೋಡಿದ್ದೆ. ಹೀಗೆ ನೀರಿನ ಬಾಟ್ಲಿ ಹಿಡ್ಕೊಂಡು ಕೆಟ್ಟವನನ್ನ ಈಗಲೇ ನೋಡ್ತಿರೋದು!”

“ಸುಮ್ನಿರತ್ತೆ!” ಎನ್ನುತ್ತಲೇ ಅವಳ ಕಿವಿ ಕೆಂಪಾಗುತ್ತಿತ್ತು.

ಅವನು ಮಾತಿಗಿಂತ ಕೇಳುವುದರಲ್ಲಿ ಗಟ್ಟಿ. ಗೊದಮೊಟ್ಟೆಗೆ ಮೊದಲು ಹಿಂಗಾಲು ಬರುತ್ತೆ ಎಂದು ಅವಳು ಹೇಳಿದರೆ, ಜಗತ್ತಿನಲ್ಲಿ ಅದಕ್ಕಿಂತ ದೊಡ್ಡ ಸುದ್ದಿಯಿಲ್ಲವೆಂಬಂತೆ ಕೇಳುತ್ತಿದ್ದ. ಅಂಥವನ ಮುಂದೆ ಅವಳು ಒಂದೇ ಒಂದು ಸಲ ಸಿಕ್ಕಿಬೀಳುವುದರಲ್ಲಿದ್ದಳು.

“ನಾನು ಬಂದಾಗೆಲ್ಲ ಐದಾರೇ ಚಿಟ್ಟೆ ಕಾಣ್ತವಲ್ಲ... ಮೊದಲಿಂದಲೂ ಇಷ್ಟೇನಾ?”

*ಹೇಳಿಬಿಡಲಾ? ಇವನಿಗಾದರೂ ಹೇಳಿಬಿಡಲಾ? ಎದೆಯ ಭಾರ ಅರ್ಧ ಇಳಿದೀತು...*

ಆದರೆ ಅವನು ಈಗೀಗ ಮನೆಗೂ ಬರುವವನು, ಅಪ್ಪನ ಹತ್ತಿರ ಗಂಟೆಗಟ್ಟಲೆ ಕೂರುವವನು. ಬಾಯಿ ತಪ್ಪಿ ಒಂದು ಮಾತು ಬಿದ್ದರೆ?

“ನೀವು ಹೋದ್ಮೇಲೆ, ಬಿಸಿಲೇರಿದಾಗ ಬರ್ತವೆ,” ಎಂದಳು ಬೇರೆ ಕಡೆ ನೋಡುತ್ತಾ.

ಅವನು ನಂಬಿದ. ಅವಳಿಗೆ ಅಳು ಬಂತು.

*

ಸುಳ್ಳು ಲೆಕ್ಕದ ಹದಿನಾಲ್ಕನೆಯ ತಿಂಗಳು. ಅಂಗಡಿಯ ಎದುರು ಗೋಡೆಗೆ ಯಾರೋ ಒಂದು ಪ್ರಕಟಣೆ ಅಂಟಿಸಿದ್ದರು. ಬಟ್ಟೆ ಕಾರ್ಖಾನೆಯನ್ನು ಎರಡರಷ್ಟು ದೊಡ್ಡದು ಮಾಡಲು ಅನುಮತಿ ಕೇಳಿದ್ದಾರೆ, ತೊರೆಯ ಜೀವಿಗಳಿಗೆ ಯಾವ ತೊಂದರೆಯೂ ಆಗಿಲ್ಲವೆಂದು ಪರೀಕ್ಷಾ ವರದಿ ಬಂದಿದೆ, ಆಕ್ಷೇಪಣೆ ಇದ್ದವರು ಸೋಮವಾರದ ಸಭೆಗೆ ಬರಬಹುದು. ಕೆಳಗೆ ಸಹಿ.

ಸಹಿ ಅವನದು!

ಅವಳು ಗಿರಾಕಿಯ ಕನ್ನಡಕವನ್ನು ಮೇಜಿನ ಮೇಲೇ ಬಿಟ್ಟು ಓಡಿದಳು. ಅವನ ಆಫೀಸಿನ ಪರೀಕ್ಷಾ ಕೋಣೆಯ ಬಾಗಿಲು ದಬ್ಬಿದಳು.

“ಎಷ್ಟಕ್ಕೆ ಮಾರ್ಕೊಂಡ್ರಿ ನಿಮ್ಮನ್ನ?”

ಬಾಟಲಿ ತೊಳೆಯುತ್ತಿದ್ದ ಅವನು ತಿರುಗಿದ. ಮುಖದಲ್ಲಿ ನಗುವಿತ್ತು. ಪಾಪ... ಅವಳು ಖುಷಿಯಿಂದ ಬಂದಿದ್ದಾಳೆ ಎಂದುಕೊಂಡಿದ್ದ.

“ಏನ್ರೀ ಇದು? ನಾನು ನಿಮಗೆ ಖುಷಿಯಾಗ್ಲಿ ಅಂತ...”

“ಖುಷಿಯಾ? ನಾಲ್ಕು ತಿಂಗಳು ನನ್ನ ಪಕ್ಕ ಕೂತು, ಅಪ್ಪನ ಕೈ ಹಿಡ್ಕೊಂಡು ಮಾತಾಡಿ... ಥೂ! ತೊರೆ ಸಾಯ್ತಿದೆ, ನೀವು ಚೆನ್ನಾಗಿದೆ ಅಂತ ಬರೆದ್ರಿ!”

“ನಾನು ಬರೀಲಿಲ್ಲ.” ಅವನು ಕೈ ಒರೆಸಿಕೊಂಡು ಕಡತ ತೆರೆದ. “ನೀವು ಬರೆದ್ರಿ.”

ಅವಳ ಕೈಬರಹ! ಸಾಲುಸಾಲು. ಮೂವತ್ತೊಂದು. ಮೂವತ್ತು. ಮೂವತ್ಮೂರು.

“ನೀವು ಅಂಗಡಿಗೆ ಹೋಗಿದ್ದಾಗ ನಿಮ್ಮಪ್ಪ ಕೊಟ್ರು. ಇಪ್ಪತ್ತೆರಡು ವರ್ಷದ್ದೂ. ‘ನನ್ನ ಮಗಳ ಕೆಲಸ ಸರ್ಕಾರದ ಕಾಗದದಲ್ಲಿ ಬರ್ಲಿ’ ಅಂದ್ರು. ಬಾಟ್ಲಿ ನೀರು ಅವತ್ತಿನ ಸ್ಥಿತಿ ಅಷ್ಟೇ ಹೇಳುತ್ತೆ ರೀ, ಮೊದಲು ಹೇಗಿತ್ತು ಅಂತ ಹೇಳಲ್ಲ. ಅದಕ್ಕೆ ಈ ಊರಲ್ಲಿ ಇದ್ದಿದ್ದು ಇದೊಂದೇ ದಾಖಲೆ.”

ಅವಳು ಸ್ಟೂಲಿನ ಮೇಲೆ ಕುಸಿದಳು. ಎಲ್ಲವನ್ನೂ ಹೇಳಿದಳು. ಡಾಕ್ಟರ ಮಾತು, ಮೊದಲ ಸುಳ್ಳು, ಆಮೇಲಿನ ಸುಳ್ಳುಗಳು...

ಅವನು ಕಡತದ ಹಾಳೆಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುವಿದ.

“ನನ್ನ ಕಣ್ಣಿಗೆ ಐದೇ ಕಂಡಿತ್ತು,” ಎಂದ ಕೊನೆಗೆ. “ನಿಮ್ಮ ಪುಸ್ತಕದಲ್ಲಿ ಮೂವತ್ತಿತ್ತು. ನಾನು ನನ್ನ ಕಣ್ಣನ್ನ ನಂಬಲಿಲ್ಲ, ನಿಮ್ಮನ್ನ ನಂಬಿದೆ. ಒಂದು ಮಾತು... ನನಗೊಬ್ಬನಿಗಾದ್ರೂ ಹೇಳಬಹುದಿತ್ತು.”

“ಈಗೇನು ಮಾಡೋದು?”

“ವರದಿ ವಾಪಸ್ ತಗೊಳ್ಬೇಕು ಅಂದ್ರೆ ಯಾಕೆ ಅಂತ ಹೇಳ್ಬೇಕು. ಹೇಳಿದ್ರೆ ಮೇಷ್ಟ್ರ ಅಷ್ಟೂ ವರ್ಷದ ಕೆಲಸದ ಮೇಲೆ ಕೆಸರು ಬೀಳುತ್ತೆ. ಹೇಳದಿದ್ರೆ ಮಡು ಹೋಗುತ್ತೆ.” ಅವನು ಕಡತ ಮುಚ್ಚಿದ. “ನಾನು ಹೇಳಲ್ಲ. ಅದನ್ನ ನೀವೇ ಹೇಳ್ಬೇಕು.”

*

ಸಭೆಯ ಹಿಂದಿನ ದಿನ ಅವಳು ಅಪ್ಪನ ಮಂಚದ ಪಕ್ಕ ನೆಲದಲ್ಲಿ ಕೂತಳು. ಬಾಗಿಲಲ್ಲಿ ಅತ್ತೆ ಬಿಪಿ ಮಾತ್ರೆ ಹಿಡಿದು ನಿಂತಿದ್ದಳು.

“ಅಪ್ಪಾ... ಅದು ಮೂವತ್ತೊಂದಲ್ಲ.”

ಅವಳು ಎಲ್ಲವನ್ನೂ ಹೇಳಿ ಮುಗಿಸಿದಳು. ಅಪ್ಪನ ಬಾಯಿ ಒಂದು ಕಡೆಗೆ ಸೊಟ್ಟಗೆ ನಡುಗಿತು.

“ಎಷ್ಟು ತಿಂಗಳು?”

“ಹದಿನಾಲ್ಕು.”

“ಸತ್ತಿದ್ದನ್ನ ಸತ್ತಿದೆ ಅಂತ ಬರಿಯೋಕೆ... ಏನಾಗಿತ್ತು ನಿನಗೆ?”

“ನೀವು ಸತ್ತೋಗ್ತೀರಾ ಅಂತ ಭಯ ಆಗಿತ್ತು ಅಪ್ಪಾ!”

ಅವರು ಮುಖ ಗೋಡೆಗೆ ತಿರುಗಿಸಿದರು. ಅತ್ತೆ ಮಾತ್ರೆ ಕೊಟ್ಟರೆ ನುಂಗಿದರು. ಮಗಳು ಅನ್ನ ಕಲಸಿ ತಂದರೆ ಬಾಯಿ ತೆರೆಯಲಿಲ್ಲ.

ಮಾರನೆಯ ದಿನ ಸಭೆಯಲ್ಲಿ ಅವಳು ಎದ್ದು ನಿಂತು ಇದೇ ಮಾತನ್ನು ಇಪ್ಪತ್ತು ಜನರ ಎದುರು ಹೇಳಿದಳು. ಮೊದಲ ಸಾಲಿನಲ್ಲಿದ್ದ ಕಾರ್ಖಾನೆಯ ವಕೀಲ ಕನಿಕರದ ದನಿಯಲ್ಲಿ ಕೇಳಿದ. “ಹದಿನಾಲ್ಕು ತಿಂಗಳು ಮಗಳು ಕಥೆ ಬರೆದಿದ್ದಾರೆ. ಅದಕ್ಕೂ ಮೊದಲು ಅಪ್ಪ ಬರೆದಿಲ್ಲ ಅನ್ನೋದಕ್ಕೆ ಏನು ಗ್ಯಾರಂಟಿ?”

ಯಾರೋ ಕಿಸಕ್ಕೆಂದರು. ಅವಳಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಆದರೂ ಕೂರಲಿಲ್ಲ. “ಅಪ್ಪ ಸುಳ್ಳು ಬರೀಲಿಲ್ಲ. ಬರೆದವಳು ನಾನು. ನನ್ನನ್ನ ಏನು ಬೇಕಾದ್ರೂ ಅನ್ನಿ,” ಎಂದಳು.

ಸತ್ಯ ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದು ಯಾರು ಹೇಳಿದರೋ! ಏನೂ ಸರಿಹೋಗಲಿಲ್ಲ. ಇಪ್ಪತ್ತೆರಡು ವರ್ಷದ ಪುಸ್ತಕಗಳನ್ನೂ ನಂಬಲಾಗದು ಎಂದು ಪಕ್ಕಕ್ಕಿಟ್ಟರು. ತೊರೆಗೆ ತೊಂದರೆಯಾಗಿದೆ ಎನ್ನಲು ಬೇರೆ ದಾಖಲೆ ಇಲ್ಲದೆ ಕಾರ್ಖಾನೆಗೆ ಅನುಮತಿ ಸಿಕ್ಕಿತು. ಬೇಕಿದ್ದರೆ ಇನ್ನು ಮೂರು ವರ್ಷ, ಇಬ್ಬರು ಬೇರೆ ಬೇರೆ ಎಣಿಸಿ ಸಹಿ ಹಾಕಿದ ಹೊಸ ದಾಖಲೆ ತನ್ನಿ, ಆಗ ನೋಡೋಣ ಎಂದರು. ವಿಚಾರಿಸದೆ ವರದಿ ಬರೆದಿದ್ದಕ್ಕೆ ಅವನನ್ನು ಪರೀಕ್ಷಾ ಕೋಣೆಯಿಂದ ತೆಗೆದು ಉಗ್ರಾಣಕ್ಕೆ ಹಾಕಿದರು. ಅವಳಿಗೆ ಅವನ ಮುಖ ನೋಡುವ ಧೈರ್ಯವೇ ಬರಲಿಲ್ಲ.

*

ಸಭೆ ಮುಗಿದ ಮೇಲೂ ಹನ್ನೊಂದು ದಿನ ಅಪ್ಪ ಮಗಳ ಹತ್ತಿರ ಮಾತಾಡಲಿಲ್ಲ. ಹನ್ನೆರಡನೆಯ ದಿನ, ಶನಿವಾರ ಬೆಳಿಗ್ಗೆ, ಅಕ್ಕನನ್ನು ಕರೆದರು.

“ನನ್ನನ್ನ ಮಡು ಹತ್ರ ಕರ್ಕೊಂಡು ಹೋಗಿ.”

“ಅಯ್ಯೋ, ನಿನ್ನ ಹೊತ್ಕೊಂಡು ಹೋಗೋಕೆ ನನಗೇನು ಇಪ್ಪತ್ತು ವರ್ಷವೇನೋ?” ಎಂದು ಬೈಯುತ್ತಲೇ ಅತ್ತೆ ಫೋನ್ ಮಾಡಿದಳು. ಯಾರಿಗೆ ಎಂದು ಕೇಳಬೇಕೆ?

ಅರ್ಧ ಗಂಟೆಯಲ್ಲಿ ಅವನು ಬಾಗಿಲಲ್ಲಿದ್ದ. ಅವಳ ಕಡೆ ಒಮ್ಮೆ ನೋಡಿದ. ಮೇಷ್ಟ್ರನ್ನು ಮರದ ಕುರ್ಚಿಯಲ್ಲಿ ಕೂರಿಸಿದರು. ಕುರ್ಚಿಯ ಮುಂದಿನ ಕಾಲುಗಳನ್ನು ಅವನು ಹಿಡಿದ, ಹಿಂದಿನ ಒರಗನ್ನು ಅವಳು ಹಿಡಿದಳು. ದಾರಿಯುದ್ದಕ್ಕೂ ನಾಲ್ಕು ಸಲ ಇಳಿಸಿ, ಎತ್ತಿ, ಏದುಸಿರು ಬಿಡುತ್ತಾ ದಡ ಸೇರಿದರು.

ಮಡು ಬೂದು ಬಣ್ಣಕ್ಕೆ ತಿರುಗಿತ್ತು. ದಡದ ಕಲ್ಲಿಗೆ ಪಾಚಿಯ ಬದಲು ಜಿಡ್ಡು ಹತ್ತಿತ್ತು. ಎರಡು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ವಾಸನೆಗೆ ಅವಳು ಸೆರಗು ಮೂಗಿಗೆ ಹಿಡಿದಳು, ಅಪ್ಪ ಹಿಡಿಯಲಿಲ್ಲ.

ಅವರು ಪೂರ್ತಿ ಅರ್ಧ ಗಂಟೆ ನೋಡಿದರು. ತುಟಿ ಮಾತ್ರ ಅಲ್ಲಾಡುತ್ತಿತ್ತು.

“ಬರಿ,” ಎಂದರು ಕೊನೆಗೆ. “ಏರೋಪ್ಲೇನ್ ಚಿಟ್ಟೆ ಎರಡು. ಬಸವನಹುಳು ಇಲ್ಲ. ಕಪ್ಪೆ ಮೊಟ್ಟೆ ಇಲ್ಲ. ಮಿಂಚುಳ್ಳಿ ಇಲ್ಲ.”

ಅವಳು ಬರೆದಳು. ಅಕ್ಷರ ಕಣ್ಣೀರಿಗೆ ಕದಡಿತು.

ಅಪ್ಪ ಬಲಗೈ ಚಾಚಿ ಅವಳ ತಲೆ ಮುಟ್ಟಿದರು.

“ಹದಿನಾಲ್ಕು ತಿಂಗಳು... ನೀನು ಒಬ್ಬಳೇ ಬಂದು ಇದನ್ನ ನೋಡ್ಕೊಂಡು ಹೋಗ್ತಿದ್ಯಾ, ಗುಬ್ಬಿ?”

ಅಷ್ಟೇ! ಹನ್ನೊಂದು ದಿನ ತಡೆದಿದ್ದೆಲ್ಲ ಒಡೆದುಹೋಯಿತು. ಅಪ್ಪನ ಮಡಿಲಲ್ಲಿ ಮುಖವಿಟ್ಟು ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವರೂ ಅತ್ತರು.

ಅವಳು ತಲೆಯೆತ್ತಿದಾಗ ಅವನು ಸ್ವಲ್ಪ ದೂರದಲ್ಲಿ ಬಂಡೆಯ ಮೇಲೆ ಕೂತು ಒಂದು ಹಾಳೆಯಲ್ಲಿ ಏನೋ ಬರೆಯುತ್ತಿದ್ದ. ಮೆಲ್ಲಗೆ ಹತ್ತಿರ ಹೋದಳು.

“ಏನು ಬರೀತಿದ್ದೀರಾ?”

“ನನ್ನ ಲೆಕ್ಕ. ಇಬ್ಬರು ಬೇಕಂತಲ್ಲ, ಬೇರೆ ಬೇರೆ ಎಣಿಸೋಕೆ.” ಹಾಳೆ ತೋರಿಸಿದ. “ನನಗೂ ಎರಡೇ ಕಂಡಿದ್ದು.”

“ನನ್ನಿಂದ ನಿಮ್ಮ ಕೆಲಸ ಹೋಯ್ತು.”

“ಉಗ್ರಾಣದಲ್ಲಿ ಶನಿವಾರ ರಜೆ ಕಣ್ರೀ. ಪರೀಕ್ಷಾ ಕೋಣೆಯಲ್ಲಿ ಅದೂ ಇರ್ಲಿಲ್ಲ.”

ಅವಳಿಗೆ ಅಳುವಿನ ಮಧ್ಯೆಯೇ ನಗು ಬಂತು. ನಗು ನಿಂತ ಮೇಲೆ, ಕೇಳಲೋ ಬೇಡವೋ ಎಂದು ತಡವರಿಸಿ ಕೇಳಿದಳು.

“ಇನ್ಮೇಲೆ... ನನ್ನ ಮಾತು ನಂಬ್ತೀರಾ?”

ಅವನು ಯೋಚಿಸಿದ. ಸುಮ್ಮನೆ ಸಮಾಧಾನ ಮಾಡುವ ಜಾತಿಯೇ ಅಲ್ಲ ಅವನು.

“ತಕ್ಷಣ ಆಗಲ್ಲ. ನಾನೂ ಎಣಿಸ್ತೀನಿ. ಆದ್ರೆ ನಿಮ್ಮ ಪಕ್ಕದಲ್ಲೇ ಕೂತು ಎಣಿಸ್ತೀನಿ. ನಿಮ್ಮನ್ನ ಪ್ರೀತಿಸ್ತೀನಿ ರೀ... ಅದರಲ್ಲಿ ಮಾತ್ರ ಅನುಮಾನ ಇಲ್ಲ.”

ಅವಳು ಅವನ ಪಕ್ಕ ಬಂಡೆಯ ಮೇಲೆ ಕೂತಳು. ನೀರಿನಲ್ಲಿ ಏನೂ ಅಲ್ಲಾಡಲಿಲ್ಲ.

“ಮೂರು ವರ್ಷದಲ್ಲಿ ಇಲ್ಲಿ ಎಣಿಸೋಕೆ ಏನೂ ಉಳಿಯದೇ ಇರಬಹುದು.”

“ಹಾಗಿದ್ರೆ ಏನೂ ಇಲ್ಲ ಅಂತ ಬರೆಯೋಣ. ಇಬ್ಬರೂ ಸಹಿ ಹಾಕೋಣ.”

“ಮೂರು ವರ್ಷ ಆದ್ಮೇಲೆ?”

“ಆಮೇಲೂ ಶನಿವಾರ ಬರುತ್ತಲ್ಲ,” ಎಂದ ಅವನು. ಅವಳು ಅವನ ಕೈ ಹಿಡಿದುಕೊಂಡಳು.